ನಂಜಮ್ಮ ಹೇಳದ ಹೆಸರು

ಅಪ್ಪನಿಗೆ ಪಿಂಡದ ಕಸುಬು, ನನಗೆ ಕಂಠದ ಚಟ. ಕ್ರಿಯೆ ಮಾಡಿಸಲು ಕಾಶಿಯ ಕೇದಾರಘಾಟಿಗೆ ಬರುವ ಕನ್ನಡದವರ ದನಿಗಳನ್ನೆಲ್ಲ ಊಟದ ಹೊತ್ತಿಗೆ ಮನೆಯಲ್ಲಿ ಅಣಕಿಸಿ ಒಪ್ಪಿಸಿಬಿಡುತ್ತಿದ್ದೆ. ಅಪ್ಪ ಬೈಯುತ್ತಲೇ ನಗುತ್ತಿದ್ದರು.

2009ರಲ್ಲಿ ಶಿವರಾತ್ರಿಯ ಮರುದಿನವೇ ಸಂಧ್ಯಾ ಮಿನೇಜಸ್‌ಳ ಕಾರ್ನಿವಲ್ ಬಿತ್ತು. ಮಂಗಳೂರಿನ ಕ್ರೈಸ್ತ ಹುಡುಗಿ, ಭೇಲೂಪುರದ ಕ್ಲಿನಿಕ್ಕಿನಲ್ಲಿ ನರ್ಸು. ಶಿವಾಲದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು.

"ನಾಳೆಯಿಂದ ನಲವತ್ತು ದಿನ ಉಪವಾಸ. ನಾಳೆ ನಾವೂ ನಿಮ್ಮ ಹಾಗೆ ಹಣೆಗೆ ಬೂದಿ ಹಚ್ಚುವವರೇ ಮಾರಾಯ. ಕುಣಿಯುವುದಿದ್ದರೆ ಇವತ್ತೇ" ಎಂದು ಕಾಯಿಬೆಲ್ಲ ಸುತ್ತಿದ ದೋಸೆ ಹಂಚುತ್ತ ಆಟದ ನೇಮವನ್ನು ಮನೆಮಂದಿಗೆಲ್ಲ ಹೇಳಿದಳು. ಮುಖವಾಡ ಹಾಕಿ, ದನಿ ಬದಲಿಸಿ ಬಾಗಿಲು ತಟ್ಟಬೇಕು. ಬಾಗಿಲು ತೆಗೆದವರು ಹೆಸರು ಹೇಳಿದರೆ ಮಾತ್ರ ಮುಖವಾಡ ಕಳಚಬೇಕು. ಅದೂ ದೀಪ ಹಚ್ಚುವುದರೊಳಗೆ.

"ಹೇಳದಿದ್ರೆ?" ಎಂದೆ.

"ಆ ಮುಖವೇ ಗತಿ ಅಂತಿದ್ರು ನನ್ನಜ್ಜಿ."

ಹಿಂದಿನ ದಿನ ಶಿವನ ಬಾರಾತಿನಲ್ಲಿ, ಅಂದರೆ ಮದುವೆ ದಿಬ್ಬಣದಲ್ಲಿ, ಹಾಕಿದ್ದ ಭೂತದ ಮುಖವಾಡವೊಂದು ನನ್ನಲ್ಲಿತ್ತು. ಕಟ್ಟಿಕೊಂಡು ಕೆಳಗಿನ ಕೋಣೆಯ ನಂಜಮ್ಮನ ಬಾಗಿಲು ತಟ್ಟಿದೆ. ಕೊನೆಗಾಲ ಕಾಶಿಯಲ್ಲೇ ಎಂದು ಹಾಸನದ ಕಡೆಯಿಂದ ಗಂಡನ ಜೊತೆ ಬಂದಾಕೆ. ಗಂಡ ವೆಂಕಟರಾಮಯ್ಯ ಹಿಂದಿನ ಚಳಿಗಾಲದಲ್ಲಿ ಅದೇ ಕೋಣೆಯಲ್ಲಿ ತೀರಿಕೊಂಡಿದ್ದರು. ನನಗೆ ಸುಲಭವಾಗಿ ಬರುತ್ತಿದ್ದ ದನಿ ಅವರದು. ಎರಡು ಒಣಕೆಮ್ಮು, ಆಮೇಲೆ ಗೊಗ್ಗರು ಗಂಟಲಿನ "ಯಾರೇ ಒಳಗೆ?"

ನಂಜಮ್ಮ ಬಾಗಿಲು ತೆರೆದು ನೆಟ್ಟಗೆ ನಿಂತಳು. ಸೆರಗು ಹೊದ್ದುಕೊಂಡಳು.

"ಯಾರು ಅಂತ ಹೇಳಿ ಅಜ್ಜಿ!" ಸಂಧ್ಯಾ ಮೆಟ್ಟಿಲ ಮೇಲಿಂದ ಕೂಗಿದಳು.

"ಗೊತ್ತು ಕಣಮ್ಮಾ. ಆದ್ರೆ ನಾನು ಅವರ ಹೆಸರು ಹೇಳೋ ಹಾಗಿಲ್ವಲ್ಲ."

ಸಂಧ್ಯಾಳ ನಗು ನಿಂತಿತು. "ವಿನಯ, ಸಾಕು. ತೆಗೆ ಮಾರಾಯ."

ಬಾಗಿಲು ತೆಗೆದವಳು ಅವಳಲ್ಲವಲ್ಲ, ನನ್ನ ಹೆಸರು ಗಾಳಿಗೆ ಹೋಯಿತು. ದಾರ ಎಳೆದೆ, ಗಂಟು ಬಿಗಿಯಿತು. 'ನಾನಜ್ಜೀ, ವಿನಯ' ಎನ್ನಲು ಬಾಯಿ ತೆರೆದರೆ ಕೆಮ್ಮು ಬಂತು. ಹಿಂದೆಯೇ, "ನಂಜೂ, ಗಂಗೆ ಕಡೆ ಕಿಟಕಿ ಮುಚ್ಚಿದ್ಯಾ? ಆವತ್ತೂ ಮುಚ್ಚಿರಲಿಲ್ಲ ನೀನು."

ನಂಜೂ ಎಂದು ಅವರು ಕರೆಯುತ್ತಿದ್ದರೆಂಬುದು ನನಗೆ ಗೊತ್ತೇ ಇರಲಿಲ್ಲ.

ಗಲ್ಲಿಯಲ್ಲಿ ಬೆಳಕು ಇಳಿಯುತ್ತಿತ್ತು. ಸಂಧ್ಯಾ ಓಡಿ ಬಂದು ಆಕೆಯ ಕೈ ಹಿಡಿದಳು. "ಅಜ್ಜಿ, ಒಂದೇ ಒಂದು ಸಲ ಹೇಳಿಬಿಡಿ. ದೀಪ ಹಚ್ಚುವ ಹೊತ್ತಾಯ್ತು."

"ಅರವತ್ತು ವರ್ಷ ಹೇಳಿಲ್ಲ. ಈಗ ಹೇಳಿದ್ರೆ ಹೊರಟುಬಿಡ್ತಾರೆ" ಎಂದಳು ನಂಜಮ್ಮ, ಮೆಲ್ಲಗೆ.

ಒಳಗೆ ಹೋಗಿ ಕಿಟಕಿ ಮುಚ್ಚಿದಳು. ಆಮೇಲೆ ದೀಪ ಹಚ್ಚಿದಳು.

ದಾರ ತಾನಾಗಿ ಸಡಿಲಿತು. ಮುಖವಾಡ ನೆಲಕ್ಕೆ ಬಿತ್ತು. ಸಂಧ್ಯಾ ನನ್ನ ಮುಖ ನೋಡಿ ಶಿಲುಬೆಯ ಗುರುತು ಹಾಕಿಕೊಂಡಳು.

"ಕಾಫಿಗೆ ಸಕ್ಕರೆ ಬೇಡ ತಾನೇ?" ಎಂದು ನಂಜಮ್ಮ ಒಳಗಿಂದ ಕೇಳಿದಳು.

ನಾನು ಮೂರು ಚಮಚ ಹಾಕಿಕೊಳ್ಳುವವನು.

"ಬೇಡ ಕಣೇ" ಎಂದೆ.