ಹಗ್ಗದ ಹಿಂದಿನ ಕಾರು

ಊರಿಗೆಲ್ಲ ಅವನು ಮೇಷ್ಟ್ರು. ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡಿದ್ದ, ನೆಟ್ಟಗೆ ಸೈಕಲ್ ತುಳಿಯಲು ಬಾರದವರಿಗೂ ಕಾರು ಕಲಿಸಿ ರಸ್ತೆಗೆ ಬಿಟ್ಟಿದ್ದ. ಎಲ್ಲರೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ನಾನು ಮಾತ್ರ ಈ ಕಥೆಯಲ್ಲಿ ಅವನಿಗೆ ಬಹುವಚನ ಕೊಡುವುದಿಲ್ಲ. ಯಾಕೆ ಅಂತ ಓದುತ್ತ ಹೋದರೆ ತಿಳಿಯುತ್ತದೆ.

ಅವನ ಹೆಂಡತಿಗೆ ಗಾಡಿ ಹೊಸದಲ್ಲ. ಮದುವೆಗೆ ಮುಂಚೆ ಅಪ್ಪನ ಟೆಂಪೋ ಓಡಿಸಿದವಳು. ಖಾಲಿ ಬಾಟಲಿಯ ಕ್ರೇಟುಗಳನ್ನು ತುಂಬಿಕೊಂಡು, ಎರಡು ಸ್ಕೂಟರ್ ಎದುರುಬದುರು ಬಂದರೆ ಸಿಕ್ಕಿಕೊಳ್ಳುವಂಥ ಗಲ್ಲಿಗಳಲ್ಲಿ ರಿವರ್ಸ್ ಹೋದವಳು. ಮದುವೆಯಾದ ಮೇಲೆ ಅವನ ಕಾರನ್ನು ಓಡಿಸಲು ಕೂತದ್ದು ಕೆಲವೇ ಸಲ. ಕಲಿಸುವ ಕಾರಾದ್ದರಿಂದ ಮೇಷ್ಟ್ರ ಕಡೆಗೂ ಒಂದು ಬ್ರೇಕ್ ಇತ್ತು. ಅವಳು ತಪ್ಪು ಮಾಡುವ ಮೊದಲೇ ಅವನು ಅದನ್ನು ತುಳಿಯುತ್ತಿದ್ದ. ತುಳಿದು, "ನಾನಿಲ್ದಿದ್ರೆ ಇವತ್ತು ಒಂದು ಜೀವ ಹೋಗ್ತಿತ್ತು" ಅನ್ನುತ್ತಿದ್ದ. ಹಾಗಾಗಿ ಅವಳು ಒಂದು ತಪ್ಪನ್ನೂ ಪೂರ್ತಿ ಮಾಡಲಿಲ್ಲ, ಒಂದು ಸರಿಯನ್ನೂ ಪೂರ್ತಿ ಮಾಡಲಿಲ್ಲ.

ನೀರಿನ ಟ್ಯಾಂಕಿನ ಏರು ಹತ್ತಿದರೆ ಸಿಗುವ ಶಾಲೆಯಲ್ಲಿ ಮಕ್ಕಳ ವ್ಯಾನಿಗೆ ಡ್ರೈವರ್ ಬೇಕಾಗಿತ್ತು. ಹೆಂಗಸಾದರೆ ಇನ್ನೂ ಒಳ್ಳೆಯದು ಅಂದಿದ್ದರು. ಅವಳು ಸದ್ದಿಲ್ಲದೆ ಹೋಗಿ ಲೈಸೆನ್ಸ್ ತೋರಿಸಿ ಬಂದಳು. ಗುರುವಾರ ನಾಲ್ಕು ಗಂಟೆಗೆ ಬಂದು ವ್ಯಾನ್ ಓಡಿಸಿ ತೋರಿಸಿ, ಸರಿಹೋದರೆ ಅವತ್ತೇ ಕೀಲಿ ಕೊಡುತ್ತೇವೆ ಅಂದರು. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಬೇರೇನೂ ಅಲ್ಲ, ಸಂತೋಷಕ್ಕೆ.

ಮನೆಯಲ್ಲಿ ಹೇಳಿದಾಗ ಅತ್ತೆ ನಕ್ಕಳು. ಮೇಷ್ಟ್ರೂ ನಕ್ಕ. ಗುರುವಾರ ಊಟವಾದ ಮೇಲೆ ಕೈ ಒರೆಸಿಕೊಳ್ಳುತ್ತ ಬಂದು ಹೇಳಿದ:

"ಮಾವನ ಶೆಡ್ಡಲ್ಲಿ ನಿಂತಿದೆಯಲ್ಲ ಹಳೇ ಕಾರು, ಅದನ್ನ ಇವತ್ತೇ ಎಳ್ಕೊಂಡು ಬರ್ಬೇಕು. ನಾನು ಮುಂದಿನ ಕಾರಲ್ಲಿ, ನೀನು ಹಿಂದಿನದ್ರಲ್ಲಿ. ಹಗ್ಗ ಹರೀದೆ ಮನೆ ಮುಟ್ಟಿಸು, ನಾಲ್ಕು ಗಂಟೆಗೆ ನಾನೇ ನಿನ್ನ ಆ ಶಾಲೆಗೆ ಬಿಟ್ಟು ಬರ್ತೀನಿ. ಹಗ್ಗ ಹರೀತೋ, ವ್ಯಾನಿನ ಮಾತು ಈ ಮನೇಲಿ ಇನ್ನೊಂದ್ಸಲ ಎತ್ತಬಾರದು. ಒಪ್ಪಿಗೇನಾ?"

ಅವಳು ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ? ಅದೂ ಅಲ್ಲದೆ, ಎಳೆಸಿಕೊಂಡು ಹೋಗುವುದು ತನ್ನ ಕೈಲಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು.

"ನಾನೂ ಬರ್ತೀನಿ. ಆಮೇಲೆ ಹಂಗಾಯ್ತು ಹಿಂಗಾಯ್ತು ಅಂತ ತಕರಾರು ಬೇಡ, ಒಂದು ಸಾಕ್ಷಿ ಇರ್ಲಿ" ಅಂದಳು ಅತ್ತೆ.

ಹಳೇ ಕಾರಿನ ಬ್ಯಾಟರಿ ಸತ್ತು ಹೋಗಿತ್ತು. ಗೇರ್ ಕಡ್ಡಿ ಸಾರಿನ ಸೌಟಿನ ಹಾಗೆ ಎತ್ತ ಬೇಕಾದರೂ ತಿರುಗುತ್ತಿತ್ತು, ಒಂದು ಗೇರೂ ಕೂರುತ್ತಿರಲಿಲ್ಲ. ಚಕ್ರಗಳಿಗೆ ಗಾಳಿ ಹೊಡೆಸಿ, ಮುಂದಿನ ಕೊಂಡಿಗೆ ಹಗ್ಗ ಬಿಗಿದು, ಹಗ್ಗದ ನಡುವೆ ಕೆಂಪು ಬಟ್ಟೆ ಕಟ್ಟಿದರು. ಮೇಷ್ಟ್ರು ಕಿಟಕಿಗೆ ಬಗ್ಗಿ, ಶೆಡ್ಡಿನ ಪಕ್ಕದವರಿಗೂ ಕೇಳುವ ಹಾಗೆ ಪಾಠ ಮಾಡಿದ. ಕೀಲಿ ತಿರುಗಿಸಿಯೇ ಇರಬೇಕು, ಇಲ್ಲದಿದ್ದರೆ ಸ್ಟಿಯರಿಂಗ್ ಲಾಕ್ ಆಗುತ್ತದೆ. ಇಂಜಿನ್ ಓಡದ ಕಾರಿನ ಬ್ರೇಕ್ ನಾಲ್ಕು ಸಲ ತುಳಿಯುವಷ್ಟರಲ್ಲಿ ಕಲ್ಲಾಗುತ್ತದೆ, ಮೈಭಾರ ಹಾಕಿ ತುಳಿಯಬೇಕು. ಹಗ್ಗ ಸಡಿಲ ಬಿಡಬಾರದು, ಸಡಿಲವಾಗಿ ಜಗ್ಗಿದರೆ ಹರಿಯುತ್ತದೆ. ಹ್ಯಾಂಡ್ ಬ್ರೇಕ್ ಪೂರ್ತಿ ಕೆಳಗಿರಬೇಕು. ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಪಾಠದಲ್ಲಿ ಅವನು ಯಾವತ್ತೂ ಮೋಸ ಮಾಡಿದವನಲ್ಲ.

ಆಮೇಲೆ ಆ ಕಡೆ ಹೋಗಿ, ಅವಳ ಪಕ್ಕದ ಸೀಟಿನಲ್ಲಿ ಕೂತಿದ್ದ ತಾಯಿಯ ಕಿಟಕಿಯಲ್ಲಿ ಏನೋ ಪಿಸುಗುಟ್ಟಿದ. ಮಾತ್ರೆಯ ವಿಷಯ ಇರಬೇಕು ಅಂದುಕೊಂಡಳು ಇವಳು. ಎರಡು ಕಾರಿನ ನಡುವೆ ಮಾತಿಗೆ ಬೇಕಲ್ಲ ಅಂತ ಕರೆ ಹಚ್ಚಿ, ಅದನ್ನು ಕತ್ತರಿಸದೆ ಇಬ್ಬರ ಫೋನನ್ನೂ ಸ್ಪೀಕರಿಗೆ ಹಾಕಿ ಇಟ್ಟುಕೊಂಡರು. ಹಗ್ಗ ಬಿಗಿಯಾಯಿತು, ಸತ್ತ ಕಾರು ಮೈ ಮುರಿದು ಹೊರಟಿತು.

ಮೊದಲ ಬೀದಿ ದಾಟುವಷ್ಟರಲ್ಲೇ ಅವಳಿಗೆ ಹಿಡಿತ ಸಿಕ್ಕಿತು. ಮುಂದಿನ ಕಾರು ನಿಧಾನಿಸುವ ಸೂಚನೆ ಕಂಡ ಕೂಡಲೇ ಬ್ರೇಕ್ ಮುಟ್ಟಿ ಹಗ್ಗ ಬಿಗಿಯಾಗಿಯೇ ಉಳಿಯುವಂತೆ ನೋಡಿಕೊಂಡಳು. ತಿರುವಿನಲ್ಲೂ ಕೆಂಪು ಬಟ್ಟೆ ನೆಲ ಮುಟ್ಟಲಿಲ್ಲ. ಎಷ್ಟೋ ವರ್ಷದ ಮೇಲೆ ಪಕ್ಕದಲ್ಲಿ ಇನ್ನೊಂದು ಬ್ರೇಕ್ ಇಲ್ಲದ ಕಾರಿನಲ್ಲಿ ಕೂತಿದ್ದಳು. ಅವಳಿಗೆ ಹಾಡಬೇಕು ಅನ್ನಿಸಿತು.

ಆಗ ಕಾರು ಜಗ್ಗಿತು.

"ಏ, ಬ್ರೇಕಿಂದ ಕಾಲು ತೆಗಿಯೇ!" ಫೋನಿನಲ್ಲಿ ಅವನು ಗದರಿದ.

ಅವಳ ಕಾಲು ಬ್ರೇಕಿನ ಮೇಲೆ ಇರಲೇ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ಇನ್ನೊಮ್ಮೆ ಜಗ್ಗಿತು, ಹಿಂದಿನಿಂದ ಸುಟ್ಟ ವಾಸನೆ ಬಂತು. ಅತ್ತೆ ತನ್ನ ದಪ್ಪ ಬಟ್ಟೆಚೀಲವನ್ನು ಎರಡು ಸೀಟಿನ ನಡುವೆ ಇಟ್ಟುಕೊಂಡು ಅದರೊಳಗೆ ಕೈ ಹಾಕಿ ಏನೋ ಹುಡುಕುತ್ತಿದ್ದಳು. ಇವಳು ಒಂದು ಕೈಯಿಂದ ಚೀಲ ಎತ್ತಿದಳು. ಚೀಲದ ಅಡಿಯಲ್ಲಿ ಹ್ಯಾಂಡ್ ಬ್ರೇಕ್ ಮೇಲೆದ್ದಿತ್ತು, ಅದರ ಮೇಲೆ ಅತ್ತೆಯ ಇನ್ನೊಂದು ಕೈ ಇತ್ತು.

"ಹೆದರಿಕೆ ಆಯ್ತು ಕಣೇ. ಹಿಡ್ಕೊಳ್ಳೋಕೆ ಏನೂ ಸಿಗ್ಲಿಲ್ಲ."

ಇವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಪಾಪ ಅಂದುಕೊಂಡಳು. ಗುಂಡಿ ಒತ್ತಿ ಬ್ರೇಕನ್ನು ಇಳಿಸಿ, ಚೀಲವನ್ನು ಹಿಂದಿನ ಸೀಟಿಗೆ ಎಸೆದು, "ಅತ್ತೆ, ಅದು ಹಿಡ್ಕೊಳ್ಳೋ ಹಿಡಿ ಅಲ್ಲ, ಬ್ರೇಕು. ಬಾಗಿಲ ಮೇಲೆ ಹಿಡಿ ಇದೆ, ಅದನ್ನ ಹಿಡ್ಕೊಳ್ಳಿ" ಅಂದಳು. ಅತ್ತೆ ವಿಧೇಯಳಾಗಿ ಅದನ್ನು ಹಿಡಿದುಕೊಂಡಳು. ಮುಂದಿನ ವೃತ್ತ ಬರುವ ಹೊತ್ತಿಗೆ ಕೈ ಮತ್ತೆ ಕೆಳಗಿಳಿದಿತ್ತು.

"ರೀ, ಅತ್ತೆ ಹ್ಯಾಂಡ್ ಬ್ರೇಕ್ ಎಳೀತಿದ್ದಾರೆ, ಒಂದ್ನಿಮಿಷ ನಿಲ್ಲಿಸ್ರಿ."

"ನಿನ್ನ ಕೈಲಾಗ್ದೇ ಇರೋದಕ್ಕೆ ನಮ್ಮಮ್ಮನ ಮೇಲೆ ಗೂಬೆ ಕೂರಿಸ್ಬೇಡ" ಅಂದ ಅವನು.

ನೀರಿನ ಟ್ಯಾಂಕಿನ ಏರು ಕಂಡಿತು. ಏರಿನ ಬುಡದಲ್ಲಿ ಬಸ್ ನಿಲ್ದಾಣ, ತುಂಬ ಜನ. "ಆ ಕಡೆ ಸಪಾಟು ರಸ್ತೆ ಇದೆಯಲ್ರೀ, ಸುತ್ತಾದ್ರೂ ಪರವಾಗಿಲ್ಲ" ಅಂದಳು. ಅವನು ಆಕ್ಸಿಲರೇಟರ್ ಒತ್ತಿದ.

ಏರಿನ ಅರ್ಧದಲ್ಲಿ ಅತ್ತೆ ಎರಡೂ ಕೈಯಲ್ಲಿ ಹ್ಯಾಂಡ್ ಬ್ರೇಕನ್ನು ಎಳೆದಳು. ಹಗ್ಗ ಪಟಾಕಿ ಸಿಡಿದ ಹಾಗೆ ಹರಿದು ಬಾನೆಟ್ಟಿಗೆ ಚಾಟಿಯಂತೆ ಹೊಡೆಯಿತು. ಮುಂದಿನ ಕಾರು ಹಾರಿ ಮುಂದೆ ಹೋಯಿತು. ಇವರ ಕಾರು ಒಂದು ಕ್ಷಣ ಯೋಚಿಸಿ, ಹಿಂದಕ್ಕೆ ಹೊರಟಿತು.

ಅವಳು ಹ್ಯಾಂಡ್ ಬ್ರೇಕನ್ನು ಪೂರ್ತಿ ಎಳೆದಳು. ದಾರಿಯುದ್ದಕ್ಕೂ ತೇಯ್ದು ಸುಟ್ಟು, ಈ ಕೊನೆಯ ಎಳೆತಕ್ಕೆ ತಂತಿಯೂ ಕಿತ್ತಿದ್ದ ಅದು ಸಡಿಲವಾಗಿ ಮೇಲೆ ಬಂತು, ಏನನ್ನೂ ಹಿಡಿಯಲಿಲ್ಲ. ಕಾಲಿನ ಬ್ರೇಕ್ ಕಲ್ಲಾಗಿತ್ತು. ಕೆಳಗೆ ಯಾರೋ ಕಿರುಚಿದರು. ಅದಕ್ಕಿಂತ ಜೋರಾಗಿ ಪಕ್ಕದಲ್ಲಿ ಅತ್ತೆ ಕಿರುಚಿದಳು:

"ಅವನೇ ಹೇಳಿದ್ದು ಕಣೇ! ಆಗಾಗ ಎಳೀತಿರಮ್ಮ ಅಂತ ಅವನೇ ಹೇಳಿದ್ದು! ಹಗ್ಗ ಹರೀತದೆ ಅಷ್ಟೇ, ಇನ್ನೇನೂ ಆಗಲ್ಲ ಅಂದ! ಅಯ್ಯೋ, ನಿಲ್ಸೇ!"

ಅವಳು ಬೆನ್ನನ್ನು ಸೀಟಿಗೆ ಒತ್ತಿ, ಎರಡೂ ಕಾಲನ್ನು ಬ್ರೇಕಿನ ಮೇಲಿಟ್ಟು, ಎದ್ದು ನಿಂತವಳ ಹಾಗೆ ತುಳಿದಳು. ಕಾರು ಕಿರುಗುಟ್ಟಿ, ನಿಲ್ದಾಣಕ್ಕೆ ಸ್ವಲ್ಪ ಮೇಲೆ ನಿಂತಿತು. ಜನ ಆಗಲೇ ಎರಡು ಪಾಲಾಗಿ ಓಡಿ, ದೂರದಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು.

"ಏನಂದ್ರಿ ಅತ್ತೆ?" ಅಂದಳು.

ಪ್ರಾಣ ಉಳಿದ ಕೂಡಲೇ ಅತ್ತೆಗೆ ಬುದ್ಧಿ ಬಂತು. "ಏನೋ ಗಾಬರೀಲಿ ಬಾಯಿಗೆ ಬಂತು ಕಣೇ. ಅದನ್ನೆಲ್ಲ ಹಿಡ್ಕೋಬೇಡ."

ಇವಳು ಕಾಲನ್ನು ಒಂದಿಷ್ಟೇ ಸಡಿಲಿಸಿದಳು. ಕಾರು ಒಂದು ಗೇಣು ಹಿಂದೆ ಜಾರಿತು. ಅದನ್ನು ಬೇಕೆಂದೇ ಮಾಡಿದಳು, ಮಾಡುವಾಗ ಅವಳಿಗೆ ಹಿತವಾಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ.

"ಇನ್ನೊಂದ್ಸಲ ಹೇಳಿ ಅತ್ತೆ. ಸರಿಯಾಗಿ ಕೇಳಿಸ್ಲಿಲ್ಲ."

"ಹೇಳ್ದೆನಲ್ಲೇ! ಅವನೇ ಹೇಳಿದ್ದು! ಇವಳು ವ್ಯಾನ್ ಹತ್ತಿದ್ರೆ ಊರಲ್ಲಿ ನನ್ನ ಮರ್ಯಾದೆ ಹೋಗ್ತದೆ ಅಂದ. ಇವಳು ಓಡಿಸೋದು ನೋಡಿ ಜನ ಇವಳ ಹತ್ರಾನೇ ಕಲಿಯೋಕೆ ಬರ್ತಾರೆ ಅಂದ. ಸಾಕಾ?"

ಹೇಳಿದ್ದೇ ತಡ, ಅತ್ತೆ ಬಾಗಿಲು ತೆಗೆದು ಇಳಿದು ಹೋಗಿ ರಸ್ತೆ ಪಕ್ಕದ ಗೋಡೆಗೆ ಒರಗಿ ನಿಂತಳು.

ಮೇಷ್ಟ್ರು ಏರಿನ ಮೇಲೆ ಕಾರು ನಿಲ್ಲಿಸಿ ಓಡಿ ಬಂದ. ಬಂದವನು ತಾಯಿಯ ಕಡೆ ನೋಡಲಿಲ್ಲ. ಮೊದಲು ನೋಡಿದ್ದು ಹಗ್ಗದ ತುಂಡನ್ನು.

"ಹರೀತಲ್ಲ" ಅಂದ. ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ.

"ಲೋ, ನಾನು ಸಾಯ್ತಿದ್ದೆನಲ್ಲೋ!" ಅಂದಳು ತಾಯಿ.

"ಸಪಾಟಲ್ಲಿ ಎಳಿ ಅಂದ್ರೆ ಏರಲ್ಲಿ ಯಾಕಮ್ಮ ಎಳ್ದೆ? ಹೇಳಿದ್ದು ಒಂದನ್ನೂ ನೆಟ್ಟಗೆ ಮಾಡಲ್ಲ ನೀನು."

"ಹಾಗಾದ್ರೆ ನೀವೇ ಹೇಳಿಕೊಟ್ಟಿದ್ದಾ?" ಹೆಂಡತಿ ಕೇಳಿದಳು. ಇಷ್ಟಾದರೂ ಅವನು ಇಲ್ಲ ಅನ್ನುತ್ತಾನೇನೋ, ನಾಚಿಕೆಯಿಂದಲಾದರೂ ಒಂದು ಸುಳ್ಳು ಹೇಳುತ್ತಾನೇನೋ ಅಂತ ಕಾದಳು.

"ಹೌದು, ಹೇಳಿಕೊಟ್ಟೆ. ಏನೀಗ? ಹಗ್ಗ ಹರೀಬಾರ್ದು ಅಂತ ತಾನೇ ಮಾತಾಗಿದ್ದು? ಯಾರಿಂದ ಹರೀಬಾರ್ದು ಅಂತ ಏನಾದ್ರೂ ಮಾತಾಗಿತ್ತಾ?"

ಅಳು ಬರುತ್ತದೆ ಅಂದುಕೊಂಡಳು, ಬರಲಿಲ್ಲ. ಇಷ್ಟು ವರ್ಷ ಈ ಮನುಷ್ಯನ ಬಾಯಿಂದ ಒಂದು ಶಹಬ್ಬಾಸ್ ಬರಲಿ ಅಂತ ಕಾದಿದ್ದೆನಲ್ಲ ಅನ್ನಿಸಿ ಮೈಯೆಲ್ಲ ಉರಿಯಿತು. ಆಮೇಲೆ ಉರಿ ತಣ್ಣಗಾಯಿತು. ಅವಳಿಗೆ ಅವನ ಮೇಲೆ ಕೋಪವೂ ಉಳಿಯಲಿಲ್ಲ, ಕೆಟ್ಟ ಗಾಡಿಯ ಮೇಲೆ ಯಾರು ಕೋಪ ಮಾಡಿಕೊಳ್ಳುತ್ತಾರೆ?

"ನನ್ನ ಕಾಲು ಸೋತಿದೆ. ಬ್ರೇಕ್ ನೀವು ಹಿಡ್ಕೊಳ್ಳಿ" ಅಂದಳು.

"ಇಷ್ಟಕ್ಕೇ ಸುಸ್ತಾ? ಇವಳು ಮಕ್ಕಳ ವ್ಯಾನ್ ಓಡಿಸ್ತಾಳಂತೆ, ವ್ಯಾನು!" ಅವನು ಬಾಗಿಲು ತೆಗೆದು ಒಳಗೆ ಕಾಲು ತೂರಿಸಿ ಬ್ರೇಕ್ ತುಳಿದ. "ಸರ್ಕೋ ಆ ಕಡೆ."

ಅವಳು ಪಕ್ಕದ ಸೀಟಿಗೆ ಸರಿದು ಅತ್ತೆ ಇಳಿದ ಬಾಗಿಲಿನಿಂದ ಇಳಿದಳು. ಅವನು ಸೀಟಿನಲ್ಲಿ ಕೂತು, ಗತ್ತಿನಿಂದ ಹ್ಯಾಂಡ್ ಬ್ರೇಕ್ ಎಳೆದ. ಇನ್ನೊಮ್ಮೆ ಎಳೆದ. ಮುಖದ ಬಣ್ಣ ಇಳಿಯಿತು.

"ಏ, ಇದು ಹಿಡೀತಿಲ್ಲ."

"ಗೊತ್ತು."

"ಗೇರೂ ಇಲ್ವಲ್ಲೇ ಇದಕ್ಕೆ! ನೋಡ್ತಾ ನಿಂತಿದ್ದೀಯಲ್ಲ, ಚಕ್ರಕ್ಕೊಂದು ಕಲ್ಲು ಕೊಡು!"

ರಸ್ತೆಯ ಪಕ್ಕದಲ್ಲೇ, ಚರಂಡಿ ಕಟ್ಟಲು ತಂದ ಕಲ್ಲಿನ ರಾಶಿ ಇತ್ತು. ಅವಳ ತೋಳಿಗೆ ಅಂಥ ಕಲ್ಲು ಒಂದು ಲೆಕ್ಕವೇ ಅಲ್ಲ. ಅವಳು ರಾಶಿಯನ್ನು ನೋಡಿದಳು, ಅವನನ್ನು ನೋಡಿದಳು, ಏರು ಹತ್ತತೊಡಗಿದಳು. ಹಿಂದಿನಿಂದ ಬೈಗುಳ ಬಂತು. ಬೈಗುಳದ ಹಿಂದೆಯೇ ಮುಲಾಮಿನಂಥ ಮಾತು ಬಂತು. ಅತ್ತೆ ಮಂಡಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಿಂಬಾಲಿಸಿದಳು.

"ನನ್ನನ್ನೂ ಕರ್ಕೊಂಡು ಹೋಗೇ."

"ನೀವು ಮಗನಿಗೆ ಕಲ್ಲು ತಂದ್ಕೊಡಿ ಅತ್ತೆ. ಚಿಕ್ಕದು ಬೇಡ, ಚಿಕ್ಕದರ ಮೇಲೆ ಚಕ್ರ ಹತ್ತಿ ದಾಟಿಬಿಡ್ತದೆ. ದೊಡ್ಡದನ್ನೇ ತನ್ನಿ."

ಅತ್ತೆಗೆ ಒಂದು ತುಂಬಿದ ಕೊಡ ಎತ್ತಲೂ ಆಗುತ್ತಿರಲಿಲ್ಲ. ಅದು ಇವಳಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಇಷ್ಟು ದಿನ ಎತ್ತಿದವಳು ಇವಳೇ. ಮುದುಕಿ ದೊಡ್ಡ ಕಲ್ಲನ್ನು ತಬ್ಬಿ, ಬಿಟ್ಟು, ಕಾಲಿನಿಂದ ನೂಕಿ ನೋಡಿದಳು. ಕೆಳಗಿನ ಜನ ಕೈ ಕಟ್ಟಿ ನಿಂತು ನೋಡಿದರು. ತಮ್ಮ ಮೇಲೆ ಕಾರು ಬಿಡಲು ಬಂದವರಿಗೆ ಕಲ್ಲು ಕೊಡುವ ಉತ್ಸಾಹ ಅವರಲ್ಲಿ ಯಾರಿಗೂ ಇರಲಿಲ್ಲ.

ಮುಂದಿನ ಕಾರಿನ ಇಂಜಿನ್ ಓಡುತ್ತಲೇ ಇತ್ತು. ಅವಳು ಹಗ್ಗದ ತುಂಡನ್ನು ಬಿಚ್ಚಿ ಎಸೆದು, ಕೂತು, ಸೀಟನ್ನು ತನ್ನ ಕಾಲಿಗೆ ಸರಿಯಾಗಿ ಎಳೆದುಕೊಂಡಳು. ಕ್ಲಚ್ ಬಿಡುತ್ತ, ಕಾರು ಎಳೆತಕ್ಕೆ ಬಂದದ್ದು ತಿಳಿದ ಮೇಲೆ ಹ್ಯಾಂಡ್ ಬ್ರೇಕ್ ಇಳಿಸಿದಳು. ಕಾರು ಒಂದು ಕೂದಲೆಳೆಯಷ್ಟೂ ಹಿಂದೆ ಜಾರದೆ ಏರು ಹತ್ತಿತು. ಪಕ್ಕದ ಸೀಟಿನ ಮೇಲಿದ್ದ ಅವನ ಫೋನಿನಿಂದ ಏದುಸಿರು ಕೇಳಿಸುತ್ತಿತ್ತು. ಅವಳ ಫೋನ್ ಆ ಕಾರಿನಲ್ಲೇ ಉಳಿದಿತ್ತು.

"ಕಾಲು ನಡುಗ್ತಿದೆ ಕಣೇ. ವಾಪಸ್ ಬಾ. ನಿನ್ನ ದಮ್ಮಯ್ಯ."

ಟ್ಯಾಂಕ್ ದಾಟಿದರೆ ಶಾಲೆಯ ಗೇಟು. ಫೋನನ್ನು ಕೈಯಲ್ಲಿ ಹಿಡಿದೇ ಇಳಿದಳು. ವ್ಯಾನುಗಳ ಉಸ್ತುವಾರಿಯವನು ಅಂಗಳದಲ್ಲೇ ಇದ್ದ. ಏರಿನ ಕೊನೆ ಹತ್ತಿ ಬಂದ ರೀತಿಯನ್ನೂ ಗೇಟಿನಲ್ಲಿ ತಿರುಗಿಸಿದ ರೀತಿಯನ್ನೂ ನೋಡಿದ್ದ.

"ಓಡಿಸೋದು ನೋಡ್ದೆ, ಅದ್ರ ಬಗ್ಗೆ ಮಾತಿಲ್ಲ. ಆದ್ರೆ ಒಂದು ವಿಷಯ ಕೇಳ್ಬೇಕಮ್ಮ. ಮನೆಯವರ ಒಪ್ಪಿಗೆ ಇದೆ ತಾನೇ? ನಾಳೆ ಅವರು ಬಂದು ಇಲ್ಲಿ ಗಲಾಟೆ ಮಾಡೋ ಹಾಗಾಗಬಾರ್ದು."

"ನೀವೇ ಕೇಳಿ, ಲೈನಲ್ಲೇ ಇದ್ದಾರೆ" ಅಂದು ಅವಳು ಫೋನನ್ನು ಅವನ ಮುಂದೆ ಹಿಡಿದಳು. "ರೀ, ಶಾಲೆಯವರು ಕೇಳ್ತಿದ್ದಾರೆ. ನಾನು ವ್ಯಾನ್ ಓಡಿಸೋಕೆ ನಿಮ್ಮ ಒಪ್ಪಿಗೆ ಇದೆಯಾ ಅಂತ."

ಆ ಕಡೆ ಕಾರು ಒಂದು ಗೇಣು ಜಾರಿ ಕಿರುಗುಟ್ಟಿದ ಸದ್ದು.

"ಇದೆ! ಇದೆ ಕಣೇ, ಏನ್ ಬೇಕಾದ್ರೂ ಓಡ್ಸು! ಒಂದು ಕಲ್ಲು ಮಾತ್ರ..."

"ಪಾಪ, ಏನೋ ಆತುರದಲ್ಲಿ ಇದ್ದ ಹಾಗಿದೆ" ಅಂದ ಉಸ್ತುವಾರಿಯವನು, ಜೇಬಿನಿಂದ ವ್ಯಾನಿನ ಕೀಲಿ ತೆಗೆಯುತ್ತ. "ಆದ್ರೂ ಒಳ್ಳೇ ಮನುಷ್ಯರು."

ಅವಳು ಕರೆ ಕತ್ತರಿಸಿ ಕೀಲಿಗೆ ಕೈ ಒಡ್ಡಿದಳು.