ಸೈಕಲ್ ಹೊತ್ತ ವರ್ಷ

"ಆಲಿಕಲ್ಲಿನ ವರ್ಷ ರೇಸು ಗೆದ್ದಿದ್ದು ಗಿಡ್ಡ ಕಣೋ!" ಎಂದು ಬೇಕರಿಯವನು ಬೇಕೆಂದೇ ಗಂಟಲೆತ್ತಿ ಹೇಳಿ, ಓರೆಗಣ್ಣಲ್ಲಿ ಮೈಕಣ್ಣನ ಮುಖ ನೋಡಿದ.

ಶುದ್ಧ ಸುಳ್ಳು. ಆ ವರ್ಷ ಗೆದ್ದವನು ಉದ್ದಕಾಲು ಎಂಬ ಸವಾರ ಎನ್ನುವುದು ಊರಲ್ಲಿ ಸೈಕಲ್ ಹತ್ತಲು ಬಾರದವರಿಗೂ ಗೊತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ದಿಂಬಿಗೊರಗಿ ಕೂತಿದ್ದ ಮೈಕಣ್ಣನಿಗೆ ಗೊತ್ತಿರದೆ ಇರುತ್ತದೆಯೇ? ಆದರೂ ಅವನು ತುಟಿ ಬಿಚ್ಚಲಿಲ್ಲ.

"ಹೌದೌದು, ಗಿಡ್ಡನೇ," ಎಂದ ಕಟಿಂಗ್ ಶಾಪಿನವನು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಕಿವಿಯೆಲ್ಲ ಕೆಂಪಾಯಿತು. "ಅದೂ ಮೂರನೇ ದಿನವೇ ಎಲ್ಲರಿಗಿಂತ ಮುಂದಿರೋನ ಕೆಂಪಂಗಿ ಹಾಕ್ಕೊಂಡುಬಿಟ್ಟಿದ್ದ."

ಇದೆಲ್ಲ ಮೈಕಣ್ಣನ ಹೆಂಡತಿಯ ಉಪಾಯ. ಗಂಡ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವವನು. ವರ್ಷಕ್ಕೊಮ್ಮೆ ಎಂಟು ದಿನದ ಸೈಕಲ್ ರೇಸು ಘಟ್ಟ ಇಳಿದು ಅವರ ಊರಲ್ಲಿ ಮುಗಿಯುವಾಗ ಕೊನೆಯ ಗೆರೆಯ ಪಕ್ಕದ ಅಟ್ಟಣಿಗೆ ಹತ್ತಿ ಮೈಕು ಹಿಡಿಯುವವನೂ ಅವನೇ. ಅವನ ಬಾಯಿಗೆ ಸಿಕ್ಕಿದ ಮೇಲೆ ವಾದ ಮುಗಿದಂತೆ. ಎರಡು ತಿಂಗಳ ಹಿಂದೆ ಅಂಥವನಿಗೆ ಲಕ್ವ ಹೊಡೆಯಿತು. ಕಾಲು ಒಂದಿಷ್ಟು ಚೇತರಿಸಿಕೊಂಡಿತು, ಮಾತು ಬರಲಿಲ್ಲ. ಮಾತು ಕಲಿಸಲು ಬರುವ ಹುಡುಗಿ ಲೋಟದ ಚಿತ್ರ ತೋರಿಸಿ "ಇದೇನು ಹೇಳಿ?" ಎಂದರೆ ಗೋಡೆಯ ಕಡೆ ತಿರುಗುತ್ತಾನೆ. ಊರಿಗೇ ಕೇಳುವ ಹಾಗೆ ಕೂಗಿದವನಿಗೆ ಲೋಟ ತೋರಿಸಿದರೆ ಅವಮಾನವಾಗದೆ ಇನ್ನೇನು! "ಮಾತು ಒಳಗಿದೆ, ಅವರು ಪ್ರಯತ್ನವನ್ನೇ ಮಾಡ್ತಿಲ್ಲ. ಬಿಟ್ಟಷ್ಟೂ ಕಷ್ಟ," ಎಂದು ಡಾಕ್ಟರು ಹೇಳಿದ ದಿನದಿಂದ ಹೆಂಡತಿಗೆ ಅನ್ನ ಸೇರುತ್ತಿರಲಿಲ್ಲ. ಇನ್ನು ಮುಂದೆ ಈ ಮನೆಯಲ್ಲಿ ತನ್ನದೊಂದೇ ದನಿ ಎಂಬ ಯೋಚನೆ ಅವಳನ್ನು ಬಿಡುತ್ತಿರಲಿಲ್ಲ.

ನಿನ್ನೆ ಬೆಳಿಗ್ಗೆ ಅವಳು ಸೀದಾ ಕಟಿಂಗ್ ಶಾಪಿಗೆ ನುಗ್ಗಿದ್ದಳು. ಬೇಕರಿಯವನು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಅಲ್ಲೇ ಕೂತಿದ್ದ. "ಇಬ್ಬರಿಗೂ ಹೇಳ್ತಿದೀನಿ ಕೇಳಿ. ಬರ್ತೀರಿ, ಸಾವಿನ ಮನೆಗೆ ಬಂದವರ ಹಾಗೆ ಪಿಸಪಿಸ ಅಂತೀರಿ, ಎದ್ದು ಹೋಗ್ತೀರಿ. ನಾಳೆ ಬಂದು ಜಗಳ ಆಡಿ. ಬೇಕಂತಲೇ ತಪ್ಪು ಹೇಳಿ. ತಪ್ಪು ಕೇಳಿದ್ರೆ ನಿಮ್ಮ ಅಣ್ಣನಿಗೆ ಮೈಯೆಲ್ಲ ಉರಿಯುತ್ತೆ."

"ಯಾವ ವರ್ಷದ ರೇಸು ಎಲ್ಲಕ್ಕಿಂತ ಜೋರು ಅಂತ ಶುರು ಮಾಡಿದ್ರೆ ಸಾಕು ಅತ್ತಿಗೆ," ಎಂದಿದ್ದ ಬೇಕರಿಯವನು ನೊರೆಯೊಳಗಿಂದ.

ಈಗ ನೋಡಿದರೆ ಎಂಟು ಸುಳ್ಳು ಹೇಳಿಯಾಗಿತ್ತು, ಮೈಕಣ್ಣ ಒಂದಕ್ಕೂ ಮಿಸುಕಲಿಲ್ಲ. ಒಂಬತ್ತನೆಯದಕ್ಕೆ ಎಡಗೈ ಎತ್ತಿ 'ಸಾಕು ಮಾಡ್ರೋ' ಎನ್ನುವ ಹಾಗೆ ಆಡಿಸಿದ. ಇಬ್ಬರ ನಾಟಕವೂ ಅವನಿಗೆ ಯಾವಾಗಲೋ ಗೊತ್ತಾಗಿಹೋಗಿತ್ತು. ಕಣ್ಣು ಮುಚ್ಚಿ ತಲೆಯನ್ನು ದಿಂಬಿಗೆ ಒತ್ತಿದ. ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತಿದ್ದ ಹೆಂಡತಿ ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ಶುರುಮಾಡಿದಳು. ಅಳು ಕೇಳಿಸಬಾರದಲ್ಲ.

ಇಬ್ಬರು ಗೆಳೆಯರೂ ಪೆಚ್ಚುಮೋರೆ ಹಾಕಿಕೊಂಡು ಕೂತರು. ಏನಾದರೂ ಆಡಬೇಕಲ್ಲ ಎಂದು ಬೇಕರಿಯವನು ಮೆಲ್ಲಗೆ, "ಏನೇ ಹೇಳು, ಆಲಿಕಲ್ಲಿನ ವರ್ಷದಂಥ ರೇಸು ಇನ್ನೊಂದಿಲ್ಲ," ಎಂದ. ಈ ಸಲ ನಾಟಕವಿರಲಿಲ್ಲ.

"ಯಾಕಿಲ್ಲ? ಸೈಕಲ್ ಹೊತ್ತ ವರ್ಷ?"

"ಅಯ್ಯೋ, ಬಿಡಪ್ಪ!"

"ಏನು ಬಿಡೋದು?" ಕಟಿಂಗ್ ಶಾಪಿನವನು ನೆಟ್ಟಗಾದ.

"ನೀನು ಅವತ್ತು ಘಟ್ಟದ ಮೇಲಿರಲಿಲ್ಲ, ಅದಕ್ಕೇ ಹೀಗಂತೀಯ. ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಕಣೋ! ಮುಂದಿದ್ದವರೆಲ್ಲ ಮರದ ಕೆಳಗೆ ಓಡಿದ್ರು. ಉದ್ದಕಾಲು ಒಬ್ಬನೇ ನಿಲ್ಲಲಿಲ್ಲ. ಚಳಿಗೆ ಹಲ್ಲು ಕಟಕಟ ಅಂತಿತ್ತು, ನನ್ನ ಕೈಯಿಂದ ಬ್ರೆಡ್ಡಿನ ಕಾಗದ ಕಿತ್ಕೊಂಡು ಅಂಗಿಯೊಳಗೆ ತುರುಕಿಕೊಂಡ. ನನ್ನ ಬೇಕರಿ ಕಾಗದ ಎದೆಗಿಟ್ಟುಕೊಂಡು ಘಟ್ಟ ಇಳಿದು ಗೆದ್ದ!"

"ಮಳೆ ಬಂತು, ಕಾಗದ ಸಿಕ್ತು, ಗೆದ್ದ. ಅದರಲ್ಲಿ ಏನಯ್ಯ ರೇಸು? ಹೊತ್ತ ವರ್ಷ ನೆನಪು ಮಾಡ್ಕೋ. ಕೊನೇ ದಿನ. ಒಬ್ಬೊಬ್ಬರೇ ಹೊರಡಬೇಕು, ಗಡಿಯಾರದ ಜೊತೆ ಜಿದ್ದು. ಮಿಕ್ಕವರೆಲ್ಲ ಬಂದಾಯ್ತು, ಮೀಸೆಯವನೊಬ್ಬ ಬಾಕಿ. ಏಳು ದಿನ ತುಳಿದು ಉಳಿಸಿಕೊಂಡಿದ್ದ ಮುನ್ನಡೆ ಉಸಿರು ಬಿಡೋಷ್ಟು ಹೊತ್ತು! ಕೊನೇ ತಿರುವಲ್ಲಿ ಬರ್ತಾನೆ ನೋಡ್ತೀನಿ, ಸೈಕಲ್ ಹೆಗಲ ಮೇಲೆ! ಟಕಟಕ ಅಂತ ಓಡ್ತಿದ್ದಾನೆ! ನನ್ನ ಪಕ್ಕ ನಿಂತಿದ್ದ ಪೊಲೀಸ್ನೋನು ಟೋಪಿ ತೆಗೆದು ಎಸೆದುಬಿಟ್ಟ ಕಣೋ! ಆ ಮೀಸೆಗೆ ಅವತ್ತು ಬೆಳಿಗ್ಗೆ ಕತ್ತರಿ ಹಾಕಿದ್ದು ಯಾರು? ನಾನು!"

"ಮೀಸೆ ಚೆನ್ನಾಗೇ ಇತ್ತು. ತಲೆ ಇರಲಿಲ್ಲ."

"ಏನಂದೆ?"

"ಪಂಕ್ಚರ್ ಆದ್ರೆ ಏನಂತೆ? ಇನ್ನು ನೂರು ಹೆಜ್ಜೆ ದಾರಿ. ಗಾಳಿಯಿಲ್ಲದ ಚಕ್ರದಲ್ಲೇ ತುಳ್ಕೊಂಡು ಬರಬಹುದಿತ್ತು. ಇಳಿದು ಯಾಕೆ ಓಡಬೇಕು? ಜನ ನೋಡ್ಲಿ ಅಂತ! ಬರೀ ತೋರಿಕೆ!"

ಪಂಕ್ಚರ್ ಆಗಿದ್ದು ಅದರ ಹಿಂದಿನ ದಿನ, ಸೈಕಲ್ ಹೊತ್ತ ದಿನ ಕೆಟ್ಟಿದ್ದೇ ಬೇರೆ. ಆವೇಶದಲ್ಲಿ ಬೇಕರಿಯವನ ತಲೆಯಲ್ಲಿ ಎರಡು ದಿನಗಳು ಕಲಸಿಹೋಗಿದ್ದವು. ಅಷ್ಟು ಹೊತ್ತಿಗೆ ಅವನು ಹೇಳಿದ ಮೊದಲ ಪ್ರಾಮಾಣಿಕ ತಪ್ಪು ಅದು, ಅವನಿಗೇ ಗೊತ್ತಿಲ್ಲ. ಕಟಿಂಗ್ ಶಾಪಿನವನಿಗೂ ಹೊಳೆಯಲಿಲ್ಲ. ಮೀಸೆಯವನನ್ನು ತೋರಿಕೆಯವನು ಎಂದರೆ ಅವನಿಗೆ ರಕ್ತ ನೆತ್ತಿಗೇರದೆ ಇರುತ್ತದೆಯೇ?

"ತಿರುವಲ್ಲಿ ಪಂಕ್ಚರ್ ಚಕ್ರ ತುಳಿದ್ರೆ ಜಾರಿ ಹಲ್ಲು ಉದುರಿಸ್ಕೊಳ್ತಿದ್ದ! ಬೇಕರಿ ಒಲೆ ಮುಂದೆ ಕೂತು ಕೂತು ನಿನ್ನ ಬುದ್ಧಿ ಬೆಂದು ಹೋಗಿದೆ!"

"ನನ್ನ ಬುದ್ಧಿ ಬಗ್ಗೆ ಮಾತಾಡ್ತೀಯಾ? ನೀನು ಮಾಡಿದ ಕಟಿಂಗ್ ನೋಡಿ ನನ್ನ ಮಗಳ ಮದುವೇಲಿ ಜನ ನಕ್ಕರು!"

"ಎದ್ದೇಳು! ಎದ್ದು ಮಾತಾಡು!"

ಇಬ್ಬರೂ ಎದ್ದರು. ಸ್ಟೂಲು ಉರುಳಿತು. ಇಬ್ಬರೂ ಅತ್ತಿಗೆಯನ್ನು ಮರೆತಿದ್ದರು, ಉಪಾಯವನ್ನು ಮರೆತಿದ್ದರು, ರೋಗಿಯನ್ನೂ ಮರೆತಿದ್ದರು. ಎದುರುಮನೆಯವರು ಕಿಟಕಿ ತೆಗೆದರು. ಆ ಗದ್ದಲದ ನಡುವೆ, ಕುರ್ಚಿಯ ಕಡೆಯಿಂದ, ತುಕ್ಕು ಹಿಡಿದ ಬಾಗಿಲು ತಳ್ಳಿದಂಥ ಒಂದು ದನಿ ಬಂತು.

"ಸ... ಸರ... ಪಳಿ."

"ನೀ ಸುಮ್ನಿರಯ್ಯ ಸ್ವಲ್ಪ! ಮಧ್ಯ ಬಾಯಿ ಹಾಕ್ಬೇಡ!" ಎಂದು ಕಟಿಂಗ್ ಶಾಪಿನವನು ತಿರುಗಿಯೂ ನೋಡದೆ ಗದರಿದ. ಎಷ್ಟೋ ವರ್ಷಗಳಿಂದ ಹೀಗೇ ಗದರಿ ಅಭ್ಯಾಸ.

ಆಮೇಲೆ ಅವನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಬೇಕರಿಯವನು ಎತ್ತಿದ ಕೈ ಇಳಿಸಲಿಲ್ಲ. ಅಡುಗೆಮನೆಯಲ್ಲಿ ನಲ್ಲಿ ನಿಂತಿತು.

"ಅಯ್ಯಯ್ಯೋ," ಎಂದ ಕಟಿಂಗ್ ಶಾಪಿನವನು ಸಣ್ಣ ದನಿಯಲ್ಲಿ. "ನಾನು ಅವನಿಗೆ ಸುಮ್ನಿರು ಅಂದುಬಿಟ್ಟೆ." ಹೇಳುತ್ತ ಹೇಳುತ್ತ ಅವನಿಗೆ ಅಳುವೂ ನಗುವೂ ಒಟ್ಟಿಗೇ ಬಂದು ಗೋಡೆಗೆ ಆತುಕೊಂಡ.

ಮೈಕಣ್ಣ ಅವರನ್ನೆಲ್ಲ ನೋಡಿ ಗಾಬರಿಯಾಗಿದ್ದ. ತನ್ನ ಬಾಯಿಂದ ಏನು ಬಿತ್ತೆಂದು ಅವನಿಗೇ ಈಗ ತಿಳಿದ ಹಾಗಿತ್ತು. ಕೆನ್ನೆ ಅದುರಿತು, ತುಟಿ ಮತ್ತೆ ಮುಚ್ಚಿಕೊಂಡಿತು. ನಾಚಿಕೆ ಅವನ ಮುಖವನ್ನು ನಿಧಾನವಾಗಿ ಗೋಡೆಯ ಕಡೆ ತಿರುಗಿಸತೊಡಗಿತು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಮೊಣಕೈವರೆಗೆ ಸೋಪಿನ ನೊರೆ. ಇಷ್ಟು ವರ್ಷದ ಸಂಸಾರದಲ್ಲಿ ಒಂದು ರೇಸನ್ನೂ ಪೂರ್ತಿ ನೋಡಿದವಳಲ್ಲ. ಮೀಸೆ ಯಾರು, ಉದ್ದಕಾಲು ಯಾರು, ಅವಳಿಗೆ ಒಂದೂ ಗೊತ್ತಿಲ್ಲ.

"ಸರಪಳಿ ಅಲ್ಲ ರೀ," ಎಂದಳು. "ಪಂಕ್ಚರ್."

ಮೈಕಣ್ಣನ ಮುಖ ಅರ್ಧಕ್ಕೇ ನಿಂತಿತು. ತಿರುಗಿ ಅವಳನ್ನು ದುರುಗುಟ್ಟಿ ನೋಡಿದ. ಇವಳೂ ರೇಸಿನ ವಿಚಾರ ಹೇಳುವಂತಾದಳಲ್ಲ!

"ಸ... ರಪಳಿ," ಎಂದ.

"ಪಂಕ್ಚರ್. ಎಲ್ಲರೂ ನೋಡಿದಾರೆ."

ಎಡಗೈಯಿಂದ ಕುರ್ಚಿಯ ಹಿಡಿಗೆ ಗುದ್ದಿದ. "ಸರ್ಪಳಿ! ಕ... ಕಡಿ... ಕಡೀತು!"

ಬೇಕರಿಯವನು ಏನೋ ಹೇಳಹೊರಟ. ಕಟಿಂಗ್ ಶಾಪಿನವನು ಅವನ ತೋಳು ಹಿಡಿದು ಸದ್ದಿಲ್ಲದೆ ಹೊರಗಿನ ಮೆಟ್ಟಿಲಿಗೆ ಕರೆದುಕೊಂಡು ಹೋದ.

ಅವಳು ಉರುಳಿದ ಸ್ಟೂಲನ್ನು ಎತ್ತಿ ಗಂಡನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಹಾಕಿಕೊಂಡು ಕೂತಳು. ಕಣ್ಣಿಂದ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಪಂಕ್ಚರ್," ಎಂದಳು.