ಕಣ್ಣು ಬರೆದ ಮೇಲೆ

“ಏ ರಂಡೆ, ಕಿಟಕಿ ಬಿಟ್ಟು ಸರಿ! ನಿನ್ನ ಉಸುರು ಒಳಗ ಹೊಕ್ಕರ ನುಮಾಯಿಶ್ ಎಲ್ಲಾ ಮೈಲಿಗಿ ಆಗತೈತಿ!”

ಚಪರಾಸಿ ಕರಿಬಸಪ್ಪ ಒದರಿದ ರಭಸಕ್ಕೆ ಕೊಪ್ಪಳದ ಕೋಟೆಯ ಗುಂಡುಕಲ್ಲುಗಳು ನಾಲ್ಕು ಗೇಣು ಸರಿದವು. ನಂಬದವರು ಹೋಗಿ ಅಳೆದು ನೋಡಬಹುದು.

ಮಾರೆವ್ವ ಸರಿಯಲಿಲ್ಲ.

ಜರ್ಮನ್ ಲಡಾಯಿಯ ಕಾಲ. ಹೈದರಾಬಾದಿನ ದೊಡ್ಡ ಸಾಹೇಬರಿಗೆ ತೋರಿಸಲೆಂದು ತಹಶೀಲ್ದಾರರು ಸೀಮೆಯ ಹದಿನೆಂಟು ಜಾತಿಯನ್ನೂ ಗೊಂಬೆ ಮಾಡಿಸಿ ಕಚೇರಿಯ ಪಡಸಾಲೆಯಲ್ಲಿ ನುಮಾಯಿಶ್‌ಗೆ, ಅಂದರೆ ಪ್ರದರ್ಶನಕ್ಕೆ, ನಿಲ್ಲಿಸಿದ್ದರು. ಗೊಂಬೆ ಕೆತ್ತಿದವನು ಕಿನ್ನಾಳದ ಚಿತ್ರಗಾರ ಅಂದಪ್ಪ. ಅವುಗಳ ಮೈಗೆ ಹುಣಸೆಬೀಜದ ಅಂಟು, ಕಲ್ಲಿನ ಪುಡಿ ಅರೆದು ಮೆತ್ತಿದವಳು ಹೊಲಗೇರಿಯ ಮಾರೆವ್ವ. ಇಪ್ಪತ್ತು ವರ್ಷ ಅವಳು ಅರೆದ ಕಲ್ಲಿಗೆ ಎರಡು ಗುಡ್ಡ ಕರಗಿಹೋಗಿದ್ದವು. ಮೂರನೆಯದು ಅವಳನ್ನು ಕಂಡರೆ ನಡುಗುತ್ತಿತ್ತು. ಹದಿನೆಂಟನ್ನೂ ಬುಟ್ಟಿಯಲ್ಲಿ ಹೊತ್ತು ಎಂಟು ಮೈಲಿ ನಡೆದು ತಂದವಳೂ ಅವಳೇ. ಕಣ್ಣು ಬರೆಯುವ ತನಕ ಗೊಂಬೆ ಬರೀ ಕಟ್ಟಿಗೆ, ಯಾರು ಮುಟ್ಟಿದರೂ ನಡೆಯುತ್ತದೆ. ಕಣ್ಣು ಬರೆದರೆ ಜೀವ ಬಂದಂತೆ. ಆಮೇಲೆ ಕೇರಿಯವರು ಮುಟ್ಟುವಂತಿಲ್ಲ. ಅಂದಪ್ಪ ಇಲ್ಲಿಯೇ, ಈಗಷ್ಟೇ, ಕಣ್ಣು ಬರೆದು ಮುಗಿಸಿದ್ದ.

ಗೊಂಬೆಸಾಲಿನ ಕೊನೆಗೆ ಕಸಬರಿಗೆ ಹಿಡಿದು ಬಾಗಿ ನಿಂತ ಗೊಂಬೆಹುಡುಗಿ ಅವಳ ಮಗಳು ಹುಲಗವ್ವನೇ. ಹೋದ ವರ್ಷ, ಮೈ ಸುಡುವ ಜ್ವರದಲ್ಲಿ, ಇದೇ ತಹಶೀಲ್ದಾರರ ಮಂಚ ಹೊತ್ತು ಕುಷ್ಟಗಿಗೆ ಬಿಟ್ಟಿ ಹೋದವಳು. ತಿರುಗಿ ಬರಲಿಲ್ಲ.

ಆ ಕೆನ್ನೆಯನ್ನು ಮಾರೆವ್ವ ಮೂರು ದಿನ ತಿಕ್ಕಿ ನುಣುಪು ಮಾಡಿದ್ದಳು. ಕಣ್ಣಿಲ್ಲದ ಮುಖ, ಗುರುತು ಸಿಕ್ಕಿರಲಿಲ್ಲ.

“ಅಂದಪ್ಪನೋರ, ಅದು ನಮ್ಮ ಹುಲಗವ್ವ ಅಲ್ಲೇನ್ರಿ?”

ಅಂದಪ್ಪ ಕುಂಚ ತೊಳೆಯುತ್ತ ತಲೆ ಎತ್ತಲಿಲ್ಲ. “ಹೊಲೇರದೊಂದು ಗೊಂಬಿ ಬೇಕಂದ್ರು. ಆ ಕೂಸಿನ ಮಾರೀನ ಕಣ್ಮುಂದ ಬಂತವ್ವಾ. ಏನ ಮಾಡ್ಲಿ?”

“ಒಮ್ಮಿ ಎತ್ಕೊಂಡು ಕೊಡ್ತೀನ್ರಿ. ಹೆಣಾನೂ ತೋರಿಸಲಿಲ್ಲ ನಂಗ.”

“ಎತ್ಕೊಂಡು ಜೋಗುಳ ಹಾಡ್ತಿಯೇನ?” ಕರಿಬಸಪ್ಪ ನಕ್ಕ. “ಸಾಹೇಬ್ರು ಮೆಚ್ಚಿದ್ರ ನಿನ್ನ ಮಗಳು ಮೋಟಾರದಾಗ ಹೈದರಾಬಾದಿಗೆ ಹೋಗ್ತಾಳ. ನಸೀಬ ನೋಡ ಭೋಸುಡಿದು!”

ಮಾರೆವ್ವ ಹೊಸ್ತಿಲು ದಾಟಿದಳು. ಸೆರಗು ತಾಕೀತೆಂದು ಗುಮಾಸ್ತರು ಮೇಜು ಹತ್ತಿದರು. ಒಬ್ಬನಂತೂ ತೊಲೆಗೇ ಜೋತುಬಿದ್ದ. ಅವಳು ಸೆರಗಿನ ತುದಿಗೆ ಉಗುಳು ಹಚ್ಚಿ, ಮಲಗೆದ್ದ ಕೂಸಿನ ಕಣ್ಣಿನ ಪಿಸುರು ತೆಗೆಯುವ ಹಾಗೆ, ಹಸಿ ಬಣ್ಣದ ಎರಡೂ ಕಣ್ಣು ಒರೆಸಿದಳು.

“ಈಗ ಕಟಗಿ ಆತಲ್ರಿ,” ಎಂದಳು. “ಈಗ ಮುಟ್ಟಬೌದಲ್ಲ?”

ಅದರ ಕೈಯ ಕಸಬರಿಗೆ ಮುರಿದೆಸೆದು ಗೊಂಬೆಯನ್ನು ಎದೆಗವಚಿಕೊಂಡಳು.

“ಪಕಡೋ!” ಗದ್ದಲ ಕೇಳಿ ಒಳಕೋಣೆಯಿಂದ ಬಂದ ತಹಶೀಲ್ದಾರರು ಕಿರುಚಿದರು.

“ಹಿಡಿಯೋ ನೀ,” ಮೇಜಿನ ಮೇಲಿದ್ದ ಗುಮಾಸ್ತ ತೊಲೆಯವನಿಗೆ ಅಂದ.

“ನಾ ಯಾಕ ಮುಟ್ಲಿ? ನೀ ಹಿಡಿ.”

ಒಬ್ಬನೂ ಕೈ ಮುಂದೆ ಮಾಡಲಿಲ್ಲ. ಆಗ ಕರಿಬಸಪ್ಪನಿಗೆ ಬಾಗಿಲ ಹಿಂದಿನ ಬಿದಿರು ಕೋಲು ನೆನಪಾಯಿತು. ಉದ್ದದ ಕೋಲು. ಮುಟ್ಟುವ ಗೊಡವೆಯಿಲ್ಲ.

ಮೊದಲ ಏಟಿಗೆ ಮಾರೆವ್ವ ಬೋರಲು ಬಿದ್ದು, ಗೊಂಬೆಯ ತಲೆಯನ್ನು ಅಂಗೈಯಿಂದ ಮುಚ್ಚಿದಳು.